ಆಟಗಾರನ ಮುಪ್ಪು

ವಕೀಲನಿಗೆ ನಲವತ್ತು ವರ್ಷವೆಂದರೆ ವೃತ್ತಿಯು ಕೈಗೆ ಹತ್ತುವ ಕಾಲ. ವೈದ್ಯನ ತಲೆಯಲ್ಲಿ ನಾಲ್ಕು ನರೆಗೂದಲು ಕಂಡರೆ ರೋಗಿಗೆ ಅಷ್ಟೇ ಧೈರ್ಯ ಹೆಚ್ಚು. ಸಂಗೀತಗಾರನ ಶಾರೀರವು ಐವತ್ತರ ಮೇಲೆ ಸ್ವಲ್ಪ ಕುಗ್ಗಿದರೂ ಆತನ ಮನೋಧರ್ಮವು ಪಕ್ವವಾಗುವುದು ಆಗಲೇ ಎಂದು ರಸಿಕರು ಹೇಳುತ್ತಾರೆ. ಆಟಗಾರನ ಪಾಲಿಗೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. ಆತನಿಗೆ ಮೂವತ್ತು ತುಂಬಿತೋ ಇಲ್ಲವೋ, ‘ಇನ್ನೆಷ್ಟು ದಿನ?’ ಎಂಬ ಪ್ರಶ್ನೆ ಹುಟ್ಟುತ್ತದೆ, ಮೂವತ್ತೈದಾದರೆ ಪತ್ರಿಕೆಗಳು ಆತನನ್ನು ‘ಹಿರಿಯ’ನೆಂದು ಕರೆಯತೊಡಗುತ್ತವೆ, ಆ ಮಾತಿನಲ್ಲಿ ಗೌರವಕ್ಕಿಂತ ಕನಿಕರವೇ ಹೆಚ್ಚು. ಹೀಗಿದ್ದೂ ಕೆಲವರು ಮೂವತ್ತೈದನ್ನು ಮಾತ್ರವಲ್ಲ, ನಲವತ್ತನ್ನೂ ದಾಟಿ ಗೆದ್ದಿದ್ದಾರೆ. ಅದು ಹೇಗೆ ಸಾಧ್ಯವಾಯಿತು? ಯೌವನವು ಉಳಿದವರಲ್ಲಿ ನಿಂತುದಕ್ಕಿಂತ ಹೆಚ್ಚು ಕಾಲ ಅವರಲ್ಲಿ ನಿಂತಿತೆ? ಅಥವಾ ಯೌವನವು ಹೋದ ಮೇಲೂ ಗೆಲ್ಲುವ ದಾರಿಯೊಂದು ಉಂಟೆ? ಟೆನಿಸ್ ಆಟದ ನಿದರ್ಶನವನ್ನು ಹಿಡಿದು ಈ ಪ್ರಶ್ನೆಯನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಆಟದ ಸ್ವರೂಪವನ್ನು ನೋಡಬೇಕು. ಟೆನಿಸ್ ಅಂಗಳದ ಉದ್ದ 78 ಅಡಿ. ಇಬ್ಬರೇ ಆಡುವಾಗ ಅಗಲ 27 ಅಡಿ. ಬಲವಾದ ಸರ್ವಿಸ್ ಗಂಟೆಗೆ 120 ಮೈಲಿಯ ವೇಗದಲ್ಲಿ ಹೊರಟರೆ ಎದುರಾಳಿಯನ್ನು ಮುಟ್ಟಲು ಅದಕ್ಕೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಅಷ್ಟರೊಳಗೆ ಕಣ್ಣು ಚೆಂಡನ್ನು ಕಾಣಬೇಕು, ಮನಸ್ಸು ನಿರ್ಧರಿಸಬೇಕು, ಕಾಲು ಸರಿಯಬೇಕು, ಕೈ ತಿರುಗಬೇಕು. ಐದು ಸೆಟ್ಟುಗಳ ಪಂದ್ಯವಾದರೆ ಇದು ಮೂರು ನಾಲ್ಕು ಗಂಟೆಗಳ ಕಾಲ ನಡೆಯುವುದುಂಟು. ಓಡುವುದು, ಥಟ್ಟನೆ ನಿಲ್ಲುವುದು, ತಿರುಗಿ ಮತ್ತೆ ಓಡುವುದು—ಇದೇ ನೂರಾರು ಸಲ. ಆ ದಿನ ಗೆದ್ದವನಿಗೆ ಬಹುಮಾನವೆಂದರೆ ಒಂದೆರಡು ದಿನಗಳಲ್ಲಿ ಅದೇ ಶ್ರಮವನ್ನು ಇನ್ನೊಬ್ಬನೊಡನೆ ಪುನಃ ಪಡುವ ಹಕ್ಕು. ದೊಡ್ಡ ಪಂದ್ಯಾಟವೊಂದನ್ನು ಗೆಲ್ಲಬೇಕಾದರೆ ಎರಡು ವಾರಗಳಲ್ಲಿ ಏಳು ಸಲ ಹೀಗೆ ಜಯಿಸಬೇಕು.

ವಯಸ್ಸು ಕಸಿದುಕೊಳ್ಳುವುದು ಇಲ್ಲಿಯೇ. ವರ್ಷಗಳು ಕಳೆದಂತೆ ಹೃದಯವು ಗರಿಷ್ಠ ಶ್ರಮದಲ್ಲಿ ಬಡಿಯಬಲ್ಲ ವೇಗವು ತಗ್ಗುತ್ತದೆ. ಥಟ್ಟನೆ ಸಿಡಿಯುವ ಶಕ್ತಿಯನ್ನು ಕೊಡುವ ಸ್ನಾಯುತಂತುಗಳು ಕ್ಷೀಣಿಸುತ್ತವೆ. ಕೀಲುಗಳ ನಡುವಣ ಮೃದ್ವಸ್ಥಿಯು ಸವೆಯುತ್ತದೆ; ಸವೆದುದು ಸುಲಭವಾಗಿ ಮರಳಿ ಬೆಳೆಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದಣಿವು ಆರಲು ಹಿಡಿಯುವ ಕಾಲ ಹೆಚ್ಚುತ್ತದೆ. ವಯಸ್ಸಾದ ಆಟಗಾರನು ಒಂದು ದಿನ ಇಪ್ಪತ್ತರ ತರುಣನಂತೆಯೇ ಆಡಬಲ್ಲನು. ಮೂರನೆಯ ದಿನ ಹಾಗೆಯೇ ಆಡುವುದು ಕಷ್ಟ. ಆದರೆ ವಯಸ್ಸು ಕೊಡುವುದೂ ಒಂದುಂಟು. ಎದುರಾಳಿಯ ಭುಜ ಎತ್ತ ತಿರುಗಿತು, ಸರ್ವಿಸ್‌ಗಾಗಿ ಆತನು ಚೆಂಡನ್ನು ಎಲ್ಲಿ ಮೇಲೆಸೆದನು, ಕಾಲನ್ನು ಎಲ್ಲಿ ಊರಿದನು ಎಂಬ ಸೂಚನೆಗಳಿಂದ ಚೆಂಡು ಬರುವ ದಿಕ್ಕನ್ನು ಮೊದಲೇ ಊಹಿಸುವ ವಿದ್ಯೆಯು ಸಾವಿರಾರು ಪಂದ್ಯಗಳನ್ನು ಆಡಿಯೇ ಬರತಕ್ಕದ್ದು. ಕಾಲು ತಡವಾಗಿ ಹೊರಟರೂ ತಿಳಿವಳಿಕೆ ಮೊದಲೇ ಹೊರಟಿರುತ್ತದೆ. ಈ ಲಾಭವು ಆ ನಷ್ಟವನ್ನು ಎಷ್ಟು ಕಾಲ ತುಂಬಿಕೊಡಬಲ್ಲದು ಎಂಬುದೇ ನಮ್ಮ ಪ್ರಶ್ನೆಯ ತಿರುಳು.

ಹಳೆಯ ದಾಖಲೆಗಳಲ್ಲಿ ಹಿರಿಯ ವಯಸ್ಸಿನ ವಿಜೇತರು ಸಿಗುತ್ತಾರೆ. ವಿಂಬಲ್ಡನ್ ಪಂದ್ಯಾಟವನ್ನು 1909ರಲ್ಲಿ ಗೆದ್ದ ಆರ್ಥರ್ ಗೋರ್‌ಗೆ ಆಗ 41 ವರ್ಷ. ಆದರೆ ಅಂದಿನ ನಿಯಮದಂತೆ ಹಿಂದಿನ ವರ್ಷದ ವಿಜೇತನು ಕೊನೆಯ ಸವಾಲಿನ ಪಂದ್ಯವೊಂದನ್ನೇ ಆಡಿದರೆ ಸಾಕಾಗಿತ್ತು; ಉಳಿದವರೆಲ್ಲ ತಮ್ಮತಮ್ಮಲ್ಲಿ ಹೋರಾಡಿ ಒಬ್ಬನನ್ನು ಆತನೆದುರಿಗೆ ಕಳುಹಿಸಿಕೊಡುತ್ತಿದ್ದರು. ಅಮೆರಿಕದ ಬಿಲ್ ಟಿಲ್ಡನ್ 1930ರಲ್ಲಿ ತನ್ನ 37ನೆಯ ವಯಸ್ಸಿನಲ್ಲಿ ಮೊದಲ ಸುತ್ತಿನಿಂದಲೂ ಆಡಿ ಅಲ್ಲಿಯೇ ಗೆದ್ದನು. ಅದು ನಿಜವಾಗಿಯೂ ದೊಡ್ಡ ಸಾಹಸ. ಟೆನಿಸ್ಸಿನ ಮಹಾಪಂದ್ಯಾಟಗಳು ವೃತ್ತಿಗಾರರಿಗೂ ತೆರೆದ 1968ರಿಂದೀಚೆಗೆ, ಎಂದರೆ ಲೋಕದ ಅತ್ಯುತ್ತಮರೆಲ್ಲರೂ ಒಂದೇ ಅಂಗಳದಲ್ಲಿ ಸೇರತೊಡಗಿದ ಮೇಲೆ, ಪುರುಷರ ಸಿಂಗಲ್ಸ್‌ನಲ್ಲಿ ಇಂಥ ಕೀರ್ತಿಯು ಸಂದುದು ಆಸ್ಟ್ರೇಲಿಯದ ಕೆನ್ ರೋಸ್‌ವಾಲ್‌ಗೆ. ಆತನು 1972ರ ಜನವರಿಯಲ್ಲಿ ಆಸ್ಟ್ರೇಲಿಯದ ಪ್ರಶಸ್ತಿಯನ್ನು ಗೆದ್ದಾಗ ಆತನಿಗೆ 37 ವರ್ಷ ಎರಡು ತಿಂಗಳು. ಅನಂತರ ಐವತ್ತು ವರ್ಷಗಳಿಗೂ ಮೀರಿ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಆತನ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಉಚಿತ.

ರೋಸ್‌ವಾಲ್ ಹುಟ್ಟಿದುದು 1934ರ ನವೆಂಬರ್ 2ರಂದು, ಸಿಡ್ನಿಯಲ್ಲಿ. ತಂದೆ ದಿನಸಿ ವ್ಯಾಪಾರಿ; ಮಗನು ಕೂಸಾಗಿದ್ದಾಗಲೇ ಆತನು ಮೂರು ಮಣ್ಣಿನ ಟೆನಿಸ್ ಅಂಗಳಗಳನ್ನು ಕೊಂಡನು. ಮೂರನೆಯ ವಯಸ್ಸಿಗೇ ಹುಡುಗನ ಕೈಗೆ ಹಿಡಿ ಕತ್ತರಿಸಿದ ರ‍್ಯಾಕೆಟ್ ಬಂದಿತು. ಬೆಳಗಿನ ಜಾವದಲ್ಲಿ ತಂದೆಮಕ್ಕಳಿಬ್ಬರೂ ಅಭ್ಯಾಸಮಾಡುತ್ತಿದ್ದರು. ವಾರಗಟ್ಟಲೆ ಒಂದೇ ಬಗೆಯ ಹೊಡೆತ, ಅದು ಸಿದ್ಧಿಸಿದ ಮೇಲೆ ಇನ್ನೊಂದು. ನಮ್ಮಲ್ಲಿ ಸಂಗೀತದ ಗುರುಗಳು ಸರಳೆ ಜಂಟಿವರಸೆಗಳನ್ನು ತಿಂಗಳುಗಟ್ಟಲೆ ಹಾಡಿಸುವುದಿಲ್ಲವೆ, ಹಾಗೆ. ಹುಡುಗನು ಸ್ವಭಾವತಃ ಎಡಚ. ತಂದೆಯು ಆತನನ್ನು ಬಲಗೈಯಲ್ಲಿ ಆಡಲು ಕಲಿಸಿದನು. ಇದರ ಫಲ ಎರಡು ವಿಧವಾಯಿತೆಂದು ಬಲ್ಲವರು ಊಹಿಸುತ್ತಾರೆ: ಬಲಗೈಯಿಂದ ಚೆಂಡನ್ನು ತಲೆಯ ಮೇಲಿಂದ ಬೀಸಿ ಹೊಡೆಯಬೇಕಾದ ಸರ್ವಿಸ್ ಎಂದೂ ಪ್ರಬಲವಾಗಲಿಲ್ಲ, ಬ್ಯಾಕ್‌ಹ್ಯಾಂಡ್ ಹೊಡೆತವಾದರೋ ಟೆನಿಸ್ ಕಂಡ ಅತಿ ಶ್ರೇಷ್ಠ ಹೊಡೆತಗಳಲ್ಲೊಂದಾಯಿತು.

ದೊಡ್ಡವನಾದ ಮೇಲೂ ರೋಸ್‌ವಾಲ್‌ನ ಎತ್ತರ 5 ಅಡಿ 7 ಅಂಗುಲ; ಮೈಕಟ್ಟು ಸಣ್ಣದು. ಜೊತೆಯ ಆಟಗಾರರು ಆತನಿಗೆ ‘ಮಸಲ್ಸ್’ ಎಂದು, ಎಂದರೆ ಮಾಂಸಖಂಡಗಳ ಧಣಿಯೆಂದು, ಅಡ್ಡಹೆಸರಿಟ್ಟಿದ್ದರು. ಕುಳ್ಳನನ್ನು ಭೀಮಸೇನನೆಂದು ಕರೆಯುವ ಪರಿಹಾಸ್ಯವದು. ಇಂಥ ಮೈಯುಳ್ಳವನು ಬಲದಿಂದ ಗೆಲ್ಲುವ ಆಸೆಯನ್ನು ಮೊದಲೇ ಬಿಡಬೇಕಾಗಿತ್ತು. ಆತನ ಬ್ಯಾಕ್‌ಹ್ಯಾಂಡ್ ಹೊಡೆತದ ರೀತಿಯನ್ನು ಗಮನಿಸಿದರೆ ಇದು ತಿಳಿಯುತ್ತದೆ. ಚೆಂಡು ಎದುರಾಳಿಯ ರ‍್ಯಾಕೆಟ್ಟನ್ನು ಬಿಟ್ಟೊಡನೆಯೇ ಭುಜವನ್ನು ತಿರುಗಿಸಿ, ರ‍್ಯಾಕೆಟ್ಟನ್ನು ಎತ್ತರದಲ್ಲಿ ಹಿಡಿದು ಸಿದ್ಧನಾಗುತ್ತಿದ್ದನು. ಅನಂತರ ಅದನ್ನು ಮೇಲಿನಿಂದ ಇಳಿಸಿ, ಚೆಂಡಿನ ಹಿಂಬದಿಯನ್ನು ಸವರಿದಂತೆ ಮುಂದಕ್ಕೆ ನೂಕುತ್ತಿದ್ದನು. ಹಾಗೆ ಹೊಡೆದ ಚೆಂಡು ಬಲೆಯ ಮೇಲೆ ಸ್ವಲ್ಪವೇ ಎತ್ತರದಲ್ಲಿ ಹಾಯ್ದು, ನೆಲವನ್ನು ಮುಟ್ಟಿದ ಮೇಲೆ ಪುಟಿಯದೆ ಜಾರುತ್ತದೆ. ಎದುರಾಳಿಯು ಬಗ್ಗಿ ಅದನ್ನು ಎತ್ತಿ ಹೊಡೆಯಬೇಕು. ಹೊಡೆಯುವವನಿಗೆ ಹೆಚ್ಚು ಶ್ರಮವಿಲ್ಲ. ಚೆಂಡಿನ ವೇಗವನ್ನು ಬಹುಮಟ್ಟಿಗೆ ಎದುರಾಳಿಯೇ ಒದಗಿಸಿರುತ್ತಾನೆ. ಪರರ ಬಲವನ್ನು ತನ್ನ ಬಂಡವಾಳ ಮಾಡಿಕೊಂಡ ಹೊಡೆತವಿದು.

ಆತನ ಏಳಿಗೆಯು ಶೀಘ್ರವಾಗಿಯೇ ಆಯಿತು. 1953ರಲ್ಲಿ, 18ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯ ಮತ್ತು ಫ್ರಾನ್ಸ್ ದೇಶಗಳ ಪ್ರಶಸ್ತಿಗಳೆರಡೂ ಆತನಿಗೆ ಬಂದವು. ಆತನ ಜೊತೆಯವನು ಲೂ ಹೋಡ್, ಅದೇ ಸಿಡ್ನಿಯಲ್ಲಿ ಮೂರು ವಾರ ತಡವಾಗಿ ಹುಟ್ಟಿದವನು. ಹೋಡ್‌ನಲ್ಲಿ ರೋಸ್‌ವಾಲ್‌ಗೆ ಇಲ್ಲದುದೆಲ್ಲ ಇತ್ತು: ಉಕ್ಕಿನಂಥ ತೋಳು, ಸಿಡಿಲಿನಂಥ ಸರ್ವಿಸ್. 1956ರಲ್ಲಿ ಹೋಡ್ ಆಸ್ಟ್ರೇಲಿಯ, ಫ್ರಾನ್ಸ್, ವಿಂಬಲ್ಡನ್ ಮೂರನ್ನೂ ಗೆದ್ದು, ಒಂದೇ ವರ್ಷದಲ್ಲಿ ನಾಲ್ಕು ಮಹಾಪ್ರಶಸ್ತಿಗಳನ್ನು ಪಡೆಯುವ ಅಂಚಿಗೆ ಬಂದನು. ಅಮೆರಿಕದ ಅಂತಿಮ ಪಂದ್ಯದಲ್ಲಿ ಆತನನ್ನು ತಡೆದವನು ರೋಸ್‌ವಾಲ್. ಆಗ ನೋಡಿದವರಾರೂ ಈ ಇಬ್ಬರಲ್ಲಿ ರೋಸ್‌ವಾಲ್‌ನೇ ದೀರ್ಘಕಾಲ ಉಳಿಯುವನೆಂದು ಪಂಥ ಕಟ್ಟುತ್ತಿರಲಿಲ್ಲವೇನೋ. ಆದರೆ ಹೋಡ್‌ನ ಬೆನ್ನು ಕೆಲವೇ ವರ್ಷಗಳಲ್ಲಿ ಕೆಟ್ಟಿತು; ಆತನ ಆಟವು ಕುಂದಿತು. ಬಲವೇ ಆಧಾರವಾದ ಆಟಕ್ಕೆ ಬಲವು ಕುಂದಿದಾಗ ಬೇರೆ ಆಧಾರವಿರುವುದಿಲ್ಲ.

ಇಲ್ಲಿ ರೋಸ್‌ವಾಲ್‌ನ ಚರಿತ್ರೆಗೆ ಒಂದು ದೊಡ್ಡ ತಡೆ ಬಂದಿತು. ಆ ಕಾಲದ ನಿಯಮದಂತೆ ಮಹಾಪಂದ್ಯಾಟಗಳು ಹವ್ಯಾಸಿಗಳಿಗೆ ಮಾತ್ರ ಮೀಸಲು. ಆಟಕ್ಕೆ ಬಹಿರಂಗವಾಗಿ ಹಣ ಪಡೆದವನು ವೃತ್ತಿಗಾರನೆನಿಸಿ, ವಿಂಬಲ್ಡನ್ ಮೊದಲಾದ ಅಂಗಳಗಳಿಂದ ಹೊರಬೀಳುತ್ತಿದ್ದನು. ಹವ್ಯಾಸಿಗಳಿಗೆ ‘ಖರ್ಚುವೆಚ್ಚ’ದ ಹೆಸರಿನಲ್ಲಿ ಗುಟ್ಟಾಗಿ ಹಣ ಸಂದಾಯವಾಗುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಗುಟ್ಟಾಗಿ ಪಡೆದರೆ ಮಾನ್ಯತೆ, ಪ್ರಕಟವಾಗಿ ಪಡೆದರೆ ಬಹಿಷ್ಕಾರ. 1956ರ ಕೊನೆಯಲ್ಲಿ ರೋಸ್‌ವಾಲ್ ಜಾಕ್ ಕ್ರೇಮರ್‌ನ ವೃತ್ತಿಗಾರರ ತಂಡವನ್ನು ಸೇರಿದನು. ಅಂದಿನಿಂದ 1967ರ ಕೊನೆಯವರೆಗೆ, ಹನ್ನೊಂದು ವರ್ಷಗಳು, ವರ್ಷಕ್ಕೆ ನಾಲ್ಕರಂತೆ 44 ಮಹಾಪಂದ್ಯಾಟಗಳು ಆತನಿಲ್ಲದೆಯೇ ನಡೆದುಹೋದವು. ಆತನ 22ರಿಂದ 33ರವರೆಗಿನ ವಯಸ್ಸು, ಎಂದರೆ ಟೆನಿಸ್ ಆಟಗಾರನ ಇಡೀ ಮಧ್ಯಾಹ್ನವೇ, ಆ ಲೆಕ್ಕದ ಪುಸ್ತಕದಲ್ಲಿ ಖಾಲಿ ಪುಟವಾಗಿ ಉಳಿಯಿತು. ಆಗ ಆತನು ಎಷ್ಟನ್ನು ಗೆಲ್ಲುತ್ತಿದ್ದನೆಂದು ಊಹಿಸುತ್ತ ಕೂರುವುದು ವ್ಯರ್ಥ. ಆಡುವ ಅವಕಾಶವೇ ಇರಲಿಲ್ಲವೆಂಬುದಷ್ಟು ನಿಶ್ಚಯ.

ಆದರೂ ಆ ವರ್ಷಗಳು ನಿಷ್ಫಲವಾಗಲಿಲ್ಲ. ವೃತ್ತಿಗಾರರ ಬದುಕು ಸಂಚಾರಿ ನಾಟಕ ಮಂಡಳಿಯ ಬದುಕಿನಂತಿತ್ತು: ಇಂದು ಒಂದು ಊರು, ನಾಳೆ ಇನ್ನೊಂದು, ಸಭಾಂಗಣದ ನೆಲದ ಮೇಲೆ ಹಾಸಿದ ಕ್ಯಾನ್ವಾಸೇ ಅಂಗಳ. ಹವ್ಯಾಸಿಗಳ ಪಂದ್ಯಾಟದಲ್ಲಿ ಮೊದಲ ಸುತ್ತುಗಳ ಎದುರಾಳಿಗಳು ದುರ್ಬಲರಿರಬಹುದು. ಇಲ್ಲಿ ಅಂಥ ವಿಶ್ರಾಂತಿಯಿಲ್ಲ. 1957ರಲ್ಲಿ ಅಮೆರಿಕದ ಪಾಂಚೊ ಗೊನ್ಸಾಲೆಸ್‌ನೊಡನೆ ನಡೆದ ಸಂಚಾರದಲ್ಲಿ ರೋಸ್‌ವಾಲ್ 26 ಪಂದ್ಯಗಳನ್ನು ಗೆದ್ದು 50ನ್ನು ಸೋತನು. ಐವತ್ತು ಸಲ ಒಬ್ಬನಿಂದಲೇ ಸೋಲುವುದು ಸಾಮಾನ್ಯವಾದ ಪಾಠವಲ್ಲ. ಗೊನ್ಸಾಲೆಸ್‌ನ ಸರ್ವಿಸನ್ನು ರಾತ್ರಿಯ ಮೇಲೆ ರಾತ್ರಿ ಎದುರಿಸಿದವನಿಗೆ ಅನಂತರ ಯಾರ ಸರ್ವಿಸೂ ಹೊಸದಾಗಿ ಕಾಣಲಾರದು. 1960ರ ದಶಕದ ಆರಂಭಕ್ಕೆ ರೋಸ್‌ವಾಲ್ ವೃತ್ತಿಗಾರರಲ್ಲಿ ಅಗ್ರಗಣ್ಯನಾಗಿದ್ದನು. ಆಮೇಲೆ ಬಂದ ರಾಡ್ ಲೇವರ್ ಆತನನ್ನು ಹಿಂದಿಕ್ಕಿದನು. ಹೀಗೆ ತನಗಿಂತ ಬಲಿಷ್ಠರಾದವರೊಡನೆ ಎಡೆಬಿಡದೆ ಆಡಿ, ಎದುರಾಳಿಯ ಮನಸ್ಸನ್ನು ಓದುವ ವಿದ್ಯೆಯನ್ನು ಆತನು ಸಂಪಾದಿಸಿದನು.

1968ರಲ್ಲಿ ಬಾಗಿಲು ತೆರೆಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಹವ್ಯಾಸಿಗಳೂ ವೃತ್ತಿಗಾರರೂ ಕೂಡಿ ಆಡಿದ ಮೊದಲನೆಯ ಪಂದ್ಯಾಟ ನಡೆಯಿತು. ಅಂತಿಮ ಪಂದ್ಯದಲ್ಲಿ ಲೇವರ್‌ನನ್ನು ಸೋಲಿಸಿ ಗೆದ್ದವನು ರೋಸ್‌ವಾಲ್. ಅನಂತರ ಪ್ಯಾರಿಸಿನಲ್ಲಿ, ಎಲ್ಲರಿಗೂ ತೆರೆದ ಮೊದಲ ಮಹಾಪಂದ್ಯಾಟದಲ್ಲಿಯೂ, ಅದೇ ಎದುರಾಳಿಯ ಮೇಲೆ ಆತನಿಗೇ ಜಯ. ಹದಿನೈದು ವರ್ಷಗಳ ಹಿಂದೆ ಹುಡುಗನಾಗಿ ಗೆದ್ದ ಪ್ರಶಸ್ತಿಯದು. 1970ರಲ್ಲಿ ವಿಂಬಲ್ಡನ್‌ನ ಅಂತಿಮ ಪಂದ್ಯವನ್ನು ಜಾನ್ ನ್ಯೂಕೋಂಬ್‌ಗೆ ಐದು ಸೆಟ್ಟುಗಳಲ್ಲಿ ಸೋತನು; ಎರಡು ತಿಂಗಳು ಕಳೆದ ಮೇಲೆ ಅಮೆರಿಕದ ಪ್ರಶಸ್ತಿಯನ್ನು ಟೋನಿ ರೋಚ್‌ನ ಮೇಲೆ ಗೆದ್ದನು. ಆಗ ಆತನಿಗೆ 35. 1971ರಲ್ಲಿ ಆಸ್ಟ್ರೇಲಿಯದ ಪ್ರಶಸ್ತಿಯನ್ನು ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಪಡೆದನು. ಅಂತಿಮ ಪಂದ್ಯದಲ್ಲಿ ಎದುರಾಳಿ ಆರ್ಥರ್ ಆಷ್. 1972ರ ಜನವರಿಯಲ್ಲಿ ಮೆಲ್ಬರ್ನ್‌ನ ಕೂಯಾಂಗ್ ಅಂಗಳದಲ್ಲಿ ಮಾಲ್ಕಮ್ ಆಂಡರ್‌ಸನ್‌ನನ್ನು ಸೋಲಿಸಿ ಮತ್ತೊಮ್ಮೆ ಗೆದ್ದನು. ಆತನ ಮೊದಲನೆಯ ಮಹಾಪ್ರಶಸ್ತಿಗೂ ಈ ಕೊನೆಯದಕ್ಕೂ ನಡುವೆ 19 ವರ್ಷಗಳು.

ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಡಲಾಸ್ ನಗರದಲ್ಲಿ ನಡೆದ ವೃತ್ತಿಗಾರರ ಅಂತಿಮ ಪಂದ್ಯವನ್ನು ಟೆನಿಸ್ ಬಲ್ಲವರು ಇಂದಿಗೂ ಸ್ಮರಿಸುತ್ತಾರೆ. ಎದುರಿಗಿದ್ದವನು ಮತ್ತೆ ಲೇವರ್, ರೋಸ್‌ವಾಲ್‌ಗಿಂತ ನಾಲ್ಕು ವರ್ಷ ಕಿರಿಯ. ಮೂರೂವರೆ ಗಂಟೆಗಳ ಹೋರಾಟವಾಗಿ, ಐದನೆಯ ಸೆಟ್ಟು ಸಮಸಮವಾಗಿ, ನಿರ್ಣಯವು ಟೈಬ್ರೇಕ್‌ಗೆ ಬಂದಿತು. ಅದರಲ್ಲಿ ಲೇವರ್ 5-4ರ ಮುಂದಾಳಾಗಿದ್ದನು. ಮುಂದಿನ ಎರಡು ಸರ್ವಿಸ್‌ಗಳು ಆತನವೇ. ಎರಡನ್ನು ಗೆದ್ದರೆ ಪಂದ್ಯ ಮುಗಿಯಿತು. ದಣಿದು ಬಸವಳಿದಿದ್ದ ರೋಸ್‌ವಾಲ್ ಆ ಎರಡು ಸರ್ವಿಸ್‌ಗಳನ್ನೂ ಬ್ಯಾಕ್‌ಹ್ಯಾಂಡಿನಿಂದಲೇ ತಿರುಗಿಸಿ ಅಂಕಗಳನ್ನು ಗೆದ್ದು, ಮುಂದಿನ ಅಂಕವನ್ನೂ ಪಡೆದು ಪಂದ್ಯವನ್ನು ಮುಗಿಸಿದನು. ಕಾಲಿನಲ್ಲಿ ತ್ರಾಣವು ಉಡುಗಿದ್ದಾಗ ಕೈಹಿಡಿದುದು, ಮೂವತ್ತು ವರ್ಷಗಳ ಹಿಂದೆ ತಂದೆಯು ಬೆಳಗಿನ ಜಾವದಲ್ಲಿ ತಿದ್ದಿ ಕಲಿಸಿದ್ದ ಹೊಡೆತವೇ.

ಈ ದೀರ್ಘ ವಿಜಯಕ್ಕೆ ಕಾರಣಗಳನ್ನು ನಾವು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಮಿತವ್ಯಯ. ರೋಸ್‌ವಾಲ್‌ನ ಆಟದಲ್ಲಿ ವ್ಯರ್ಥವಾದ ಚಲನೆಯೆಂಬುದೇ ಇರಲಿಲ್ಲ. ಚೆಂಡು ಬರುವಷ್ಟರಲ್ಲಿ ಆತನು ಅಲ್ಲಿ ನಿಂತಿರುತ್ತಿದ್ದನು. ಕೊನೆಯ ಗಳಿಗೆಯ ನೆಗೆತ, ಮೈತಿರುಚು, ಬೀಳುವುದು ಏಳುವುದು ಬಹು ಕಡಮೆ. ದೇಹವು ಸವೆಯುವುದು ಇಂಥ ಆಕಸ್ಮಿಕ ಸೆಳೆತಗಳಿಂದಲೇ. ಎರಡನೆಯದು, ಆತನ ಶಸ್ತ್ರವು ಕಾಲಕ್ಕೆ ಹೊಂದಿದ್ದುದು. ಆಗ ನಾಲ್ಕು ಮಹಾಪಂದ್ಯಾಟಗಳಲ್ಲಿ ಮೂರು ಹುಲ್ಲಿನ ಅಂಗಳದಲ್ಲಿ ನಡೆಯುತ್ತಿದ್ದವು. ಹುಲ್ಲಿನ ಮೇಲೆ ಚೆಂಡು ಪುಟಿಯುವುದು ಕಡಮೆ. ಸವರಿ ಹೊಡೆದ ಚೆಂಡು ಇನ್ನೂ ಕೆಳಗಿಳಿಯುತ್ತದೆ. ಮರದ ರ‍್ಯಾಕೆಟ್ಟಿನಲ್ಲಿ ಚೆಂಡು ಸರಿಯಾಗಿ ತಾಕಬೇಕಾದ ಜಾಗವೂ ಕಿರಿದು. ಅಲ್ಲಿ ಬಲಕ್ಕಿಂತ ನಿಖರತೆಗೆ ಬೆಲೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವೆಂದು ನಮಗೆ ತೋರುತ್ತದೆ: ವಯಸ್ಸು ಮೊದಲು ಕಸಿದುಕೊಳ್ಳುವುದು ಯಾವುದನ್ನೋ ಅದು ರೋಸ್‌ವಾಲ್‌ನಲ್ಲಿ ಮೊದಲೇ ಇರಲಿಲ್ಲ. ದೊಡ್ಡ ಸರ್ವಿಸ್ಸಿನಿಂದ ಗೆದ್ದು ಅಭ್ಯಾಸವಿದ್ದವನು ಮೂವತ್ತೈದರಲ್ಲಿ ಹೊಸ ಆಟವನ್ನು ಕಲಿಯಬೇಕಾಗುತ್ತದೆ. ರೋಸ್‌ವಾಲ್ ಹದಿನೆಂಟರಲ್ಲಿ ಕಲಿತ ಆಟವನ್ನೇ ಮೂವತ್ತೇಳರಲ್ಲಿಯೂ ಆಡಬಹುದಾಗಿತ್ತು. ಆತನ ಕೊರತೆಯೇ ಆತನಿಗೆ ಚಿಕ್ಕಂದಿನಲ್ಲಿಯೇ ಮುಪ್ಪಿನ ವಿವೇಕವನ್ನು ಕಲಿಸಿತ್ತು.

ಆದರೆ ಈ ವಿವೇಕಕ್ಕೂ ಒಂದು ಎಲ್ಲೆಯುಂಟು; ಅದನ್ನು ಮರೆಮಾಡಿದರೆ ನಮ್ಮ ವಿವರಣೆಯು ಸ್ತೋತ್ರವಾದೀತು. 1974ರಲ್ಲಿ ರೋಸ್‌ವಾಲ್‌ಗೆ 39. ವಿಂಬಲ್ಡನ್‌ನಲ್ಲಿ ಆತನು ನ್ಯೂಕೋಂಬ್‌ನನ್ನು ಸೋಲಿಸಿದನು. ಉಪಾಂತ್ಯದಲ್ಲಿ ಸ್ಟ್ಯಾನ್ ಸ್ಮಿತ್‌ನಿಗೆ ಮೊದಲೆರಡು ಸೆಟ್ಟುಗಳನ್ನು ಸೋತು, ಉಳಿದ ಮೂರನ್ನೂ ಗೆದ್ದು ಅಂತಿಮ ಪಂದ್ಯಕ್ಕೆ ಬಂದನು. ಅದು ವಿಂಬಲ್ಡನ್‌ನಲ್ಲಿ ಆತನ ನಾಲ್ಕನೆಯ ಅಂತಿಮ ಪಂದ್ಯ. ಮೊದಲನೆಯದನ್ನು ಆಡಿದ್ದುದು 1954ರಲ್ಲಿ. ಇಪ್ಪತ್ತು ವರ್ಷಗಳಲ್ಲಿ ಆ ಒಂದು ಪ್ರಶಸ್ತಿಯು ಮಾತ್ರ ಆತನಿಗೆ ದಕ್ಕಿರಲಿಲ್ಲ. ಪ್ರೇಕ್ಷಕರ ಹಾರೈಕೆಯೆಲ್ಲ ಆತನ ಕಡೆಗೆ. ಎದುರಿಗೆ ನಿಂತವನು ಅಮೆರಿಕದ ಜಿಮ್ಮಿ ಕಾನರ್ಸ್, 21 ವರ್ಷದವನು. ರೋಸ್‌ವಾಲ್ ಮೊದಲ ಮಹಾಪ್ರಶಸ್ತಿಯನ್ನು ಗೆದ್ದಾಗ ಆತನು ನಾಲ್ಕು ತಿಂಗಳ ಹಸುಗೂಸು. ಪಂದ್ಯವು 6-1, 6-1, 6-4ರಲ್ಲಿ ಮುಗಿಯಿತು. ಅಮೆರಿಕದ ಅಂತಿಮ ಪಂದ್ಯದಲ್ಲಿ ಅವರಿಬ್ಬರೇ ಮತ್ತೆ ಎದುರಾದಾಗ ಫಲಿತಾಂಶವು ಇನ್ನೂ ಕಠೋರ: 6-1, 6-0, 6-1.

ಹೀಗೇಕಾಯಿತು? ರೋಸ್‌ವಾಲ್‌ನ ಆಟವು ಎದುರಾಳಿಯ ಬಲವನ್ನು ಬಳಸಿಕೊಂಡು ಬದುಕುತ್ತಿತ್ತು. ಸರ್ವಿಸ್ ಮಾಡಿ ಬಲೆಯ ಹತ್ತಿರಕ್ಕೆ ನುಗ್ಗುವವರು ಆತನಿಗೆ ಅನುಕೂಲರಾದ ಎದುರಾಳಿಗಳು. ಕಾನರ್ಸ್ ಹಾಗೆ ನುಗ್ಗುತ್ತಿರಲಿಲ್ಲ. ಆತನ ಮುಖ್ಯ ಬಲವೇ ಎದುರಾಳಿಯ ಸರ್ವಿಸನ್ನು ತಿರುಗಿಸಿ ಹೊಡೆಯುವುದರಲ್ಲಿತ್ತು. ಚೆಂಡು ಪುಟಿದೇಳುತ್ತಿರುವಾಗಲೇ, ಅದು ತನ್ನ ಎತ್ತರವನ್ನು ಮುಟ್ಟುವ ಮೊದಲೇ, ಲೋಹದ ರ‍್ಯಾಕೆಟ್ಟಿನಿಂದ ಅದನ್ನು ಅಪ್ಪಳಿಸುತ್ತಿದ್ದನು. ರೋಸ್‌ವಾಲ್‌ನ ಮೃದುವಾದ ಸರ್ವಿಸ್ ಇಂಥವನಿಗೆ ಹಬ್ಬದೂಟ. ವಯಸ್ಸಾದವನ ಸಂಪತ್ತೆಲ್ಲ ಇರುವುದು ಮೊದಲೇ ಊಹಿಸಿ ಸಿದ್ಧನಾಗುವ ಆ ಕ್ಷಣಾರ್ಧದಲ್ಲಿ. ಕಾನರ್ಸ್ ಆ ಕ್ಷಣಾರ್ಧವನ್ನೇ ಇಲ್ಲವಾಗಿಸಿದನು. ಚೆಂಡು ಎಲ್ಲಿ ಬರುವುದೆಂದು ತಿಳಿದಿದ್ದರೂ ಅಲ್ಲಿಗೆ ಹೋಗಲು ಕಾಲವಿಲ್ಲದಿದ್ದರೆ ತಿಳಿವಳಿಕೆಯಿಂದ ಫಲವೇನು? ಅನುಭವವು ವೇಗದ ಕೊರತೆಯನ್ನು ಬಹುದೂರ ತುಂಬಿಕೊಡುತ್ತದೆ, ಸಂಪೂರ್ಣವಾಗಿ ತುಂಬಿಕೊಡಲಾರದು.

ಅಷ್ಟಾದರೂ ರೋಸ್‌ವಾಲ್ ಕೂಡಲೇ ಆಟವನ್ನು ಬಿಡಲಿಲ್ಲ. 1977ರ ಜನವರಿಯಲ್ಲಿ, 42ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯದ ಮಹಾಪಂದ್ಯಾಟದ ಉಪಾಂತ್ಯವನ್ನು ಮುಟ್ಟಿದನು. ಆ ವರ್ಷದ ನವೆಂಬರ್‌ನಲ್ಲಿ, 43 ತುಂಬಿದ ಮೇಲೆ, ಹಾಂಗ್‌ಕಾಂಗ್‌ನಲ್ಲಿ ತನ್ನ ಕೊನೆಯ ಪ್ರಶಸ್ತಿಯನ್ನು ಗೆದ್ದನು. ವಿಂಬಲ್ಡನ್ ಮಾತ್ರ ಕೊನೆಗೂ ಬರಲಿಲ್ಲ. ಅತಿ ದೊಡ್ಡ ವೇದಿಕೆಯಲ್ಲಿ ಅಷ್ಟು ಕಠಿನವಾಗಿ ಸೋತವನು ಮೂರು ವರ್ಷಗಳ ಬಳಿಕವೂ ಸಣ್ಣ ವೇದಿಕೆಯಲ್ಲಿ ಆಡಲು ನಾಚಲಿಲ್ಲವೆಂಬುದನ್ನು ಗಮನಿಸಬೇಕು. ಹೆಸರನ್ನು ಉಳಿಸಿಕೊಳ್ಳಲು ಮರೆಗೆ ಸರಿಯುವವರು ಬಹಳ ಮಂದಿ. ಆತನಿಗೆ ಹೆಸರಿಗಿಂತ ಆಟವೇ ಹೆಚ್ಚು ಬೇಕಾಗಿತ್ತೆಂದು ತೋರುತ್ತದೆ.

ಇದೆಲ್ಲ ಸಣ್ಣ ಮೈಯ, ಕೆಡದ ಕೀಲುಗಳ ಒಬ್ಬ ಮನುಷ್ಯನ ಅದೃಷ್ಟವೆಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರವಾಗಿ ನಮ್ಮ ನಾಡಿನವರೇ ಆದ ಇನ್ನೊಬ್ಬರನ್ನು ನಿದರ್ಶಿಸೋಣ. ಶ್ರೀ ರೋಹನ್ ಬೋಪಣ್ಣನವರು 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಹುಟ್ಟಿ, ಕೊಡಗಿನ ಕಾಫಿತೋಟದ ಮನೆತನದಲ್ಲಿ ಬೆಳೆದವರು. ಅವರ ದೇಹವೂ ಆಟವೂ ರೋಸ್‌ವಾಲ್‌ನದಕ್ಕೆ ತೀರ ವಿರುದ್ಧ: ಆರು ಅಡಿಗಳನ್ನು ಮೀರಿದ ಎತ್ತರ, ಭಾರವಾದ ಮೈ, ಪ್ರಬಲವಾದ ಸರ್ವಿಸ್. ಅವರ ಮೊಣಕಾಲುಗಳ ಮೃದ್ವಸ್ಥಿಯಾದರೋ ಸವೆದುಹೋಗಿತ್ತು. 2010ರಲ್ಲಿ ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಷಿಯವರೊಡಗೂಡಿ ಅಮೆರಿಕದ ಡಬಲ್ಸ್ ಅಂತಿಮ ಪಂದ್ಯಕ್ಕೆ ಬಂದು ಸೋತರು. 2017ರಲ್ಲಿ ಪ್ಯಾರಿಸಿನಲ್ಲಿ ಮಿಶ್ರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಪುರುಷರ ಡಬಲ್ಸ್‌ನ ಮಹಾಪ್ರಶಸ್ತಿಯು ಕೈಗೆ ಸಿಗಲೇ ಇಲ್ಲ. 2021ರ ಆರಂಭದಲ್ಲಿ ಸಾಲುಸಾಲಾಗಿ ಪಂದ್ಯಗಳನ್ನು ಸೋತು, ಆಟವನ್ನೇ ಬಿಟ್ಟುಬಿಡಲು ಯೋಚಿಸಿದ್ದುದನ್ನು ಅವರೇ ಹೇಳಿದ್ದಾರೆ.

ಅವರ ಎರಡನೆಯ ಬಾಳಿಗೆ ಆಧಾರಗಳು ಎರಡು. ಒಂದು, ಡಬಲ್ಸ್ ಆಟದ ಲೆಕ್ಕ. ಅಲ್ಲಿ ಅಂಗಳದ ಅಗಲ 36 ಅಡಿಯಾದರೂ ಅದು ಇಬ್ಬರಿಗೆ ಹಂಚಿಹೋಗಿ, ಒಬ್ಬೊಬ್ಬರ ಪಾಲಿಗೆ 18 ಅಡಿ ಮಾತ್ರ. ಓಟ ಕಡಮೆ, ಸರ್ವಿಸ್, ಬಲೆಯ ಹತ್ತಿರದ ಕೈಚಳಕ, ಎದುರಾಳಿಗಳ ಚಲನೆಯ ಊಹೆ, ಇವುಗಳಿಗೆ ಬೆಲೆ ಹೆಚ್ಚು. ಇವೆಲ್ಲ ಕಾಲಿಗಿಂತ ನಿಧಾನವಾಗಿ ಮುಪ್ಪಾಗುವ ಗುಣಗಳು. ಇನ್ನೊಂದು, ಅಯ್ಯಂಗಾರ್ ಪದ್ಧತಿಯ ಯೋಗಾಭ್ಯಾಸ. ಆ ಪದ್ಧತಿಯಲ್ಲಿ ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳ ನೆರವಿನಿಂದ ಒಂದೊಂದು ಆಸನದಲ್ಲಿಯೂ ದೇಹವನ್ನು ಸರಿಯಾದ ನಿಲುವಿನಲ್ಲಿ ದೀರ್ಘಕಾಲ ನಿಲ್ಲಿಸುತ್ತಾರೆ. ಮೊಣಕಾಲಿನ ಸುತ್ತಣ ಸ್ನಾಯುಗಳು ಬಲಗೊಂಡರೆ, ಕೀಲಿನ ಮೇಲೆ ಬೀಳುವ ಭಾರದಲ್ಲಿ ಒಂದು ಪಾಲನ್ನು ಅವು ಹೊರುತ್ತವೆ. ಅದರ ಆಚಾರ್ಯರಾದ ಬಿ. ಕೆ. ಎಸ್. ಅಯ್ಯಂಗಾರ್ಯರು ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ತಮ್ಮ ಭಾವನವರಾದ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಅಭ್ಯಾಸಮಾಡಿದವರು. ತಮ್ಮ ಮೊಣಕಾಲಿನ ನೋವು ಈ ಅಭ್ಯಾಸದಿಂದ ತಗ್ಗಿತೆಂದು ಬೋಪಣ್ಣನವರು ಹೇಳಿದ್ದಾರೆ.

ಫಲವು ಲೋಕಕ್ಕೆ ತಿಳಿದೇ ಇದೆ. 2023ರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್‌ರೊಡಗೂಡಿ ಆಡತೊಡಗಿ, ಅಮೆರಿಕದ ಅಂತಿಮ ಪಂದ್ಯವನ್ನು ಮತ್ತೆ ಮುಟ್ಟಿ ಮತ್ತೆ ಸೋತರು. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಇಟಲಿಯ ಬೊಲೆಲ್ಲಿ ಮತ್ತು ವಾವಾಸೋರಿ ಜೋಡಿಯನ್ನು 7-6, 7-5ರಲ್ಲಿ ಸೋಲಿಸಿ, 1968ರಿಂದೀಚೆಗೆ ಪುರುಷರ ಡಬಲ್ಸ್ ಮಹಾಪ್ರಶಸ್ತಿಯನ್ನು ಪಡೆದವರಲ್ಲಿ ಅತಿ ಹಿರಿಯರೆನಿಸಿದರು. ಆಗ ಅವರ ವಯಸ್ಸು 43 ವರ್ಷ ಮುಗಿದು ಹತ್ತು ತಿಂಗಳಿಗೂ ಮೇಲೆ. ಎರಡು ದಿನಗಳಲ್ಲಿ ಡಬಲ್ಸ್ ಆಟಗಾರರ ಪಟ್ಟಿಯ ಮೊದಲ ಸ್ಥಾನವು ಜೀವನದಲ್ಲಿ ಪ್ರಥಮಬಾರಿಗೆ ಅವರದಾಯಿತು. 2025ರ ನವೆಂಬರ್ 1ರಂದು, 45ನೆಯ ವಯಸ್ಸಿನಲ್ಲಿ, ಅವರು ನಿವೃತ್ತಿಯನ್ನು ಪ್ರಕಟಿಸಿದರು.

ಈ ಇಬ್ಬರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಆರಂಭದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಯೌವನವು ಯಾರಲ್ಲಿಯೂ ಹೆಚ್ಚು ಕಾಲ ನಿಲ್ಲಲಿಲ್ಲ. ಒಬ್ಬನಿಗೆ ಬಲವು ಮೊದಲಿನಿಂದಲೂ ಇರಲಿಲ್ಲ. ಇನ್ನೊಬ್ಬರಿಗೆ ಇದ್ದ ಕಾಲುಗಳು ನಡುವೆ ಕೈಕೊಟ್ಟವು. ತಮ್ಮಲ್ಲಿ ಇಲ್ಲದುದು ಯಾವುದೆಂದು ಇಬ್ಬರೂ ಸ್ಪಷ್ಟವಾಗಿ ಅರಿತು, ಉಳಿದುದರ ಮೇಲೆ ಆಟವನ್ನು ಕಟ್ಟಿದರು. ಹಾಗೆ ಕಟ್ಟಿದ ಮಾತ್ರಕ್ಕೆ ಕಳೆದುಕೊಂಡುದೆಲ್ಲ ಮರಳಿ ಬರುವುದೂ ಇಲ್ಲ: ರೋಸ್‌ವಾಲ್‌ಗೆ ಆ ಹನ್ನೊಂದು ವರ್ಷಗಳು ಬರಲಿಲ್ಲ, ವಿಂಬಲ್ಡನ್ ಬರಲಿಲ್ಲ. ನಮ್ಮಲ್ಲಿ ಬಹುಮಂದಿ ಮುಪ್ಪನ್ನು ಒಪ್ಪಿಕೊಳ್ಳುವುದೆಂದರೆ ಕೆಲಸವನ್ನು ಬಿಡುವುದೆಂದೂ, ಕೆಲಸವನ್ನು ಬಿಡದಿರುವುದೆಂದರೆ ಮುಪ್ಪನ್ನು ಒಪ್ಪದಿರುವುದೆಂದೂ ತಿಳಿದಿರುತ್ತೇವೆ. ಮುಪ್ಪನ್ನು ಒಪ್ಪಿಕೊಂಡೇ ಕೆಲಸವನ್ನು ಮುಂದುವರಿಸಬಹುದೆಂಬುದನ್ನು ಈ ಆಟಗಾರರು 27 ಅಡಿಯ, ಇಲ್ಲವೆ 18 ಅಡಿಯ, ನೆಲದ ಮೇಲೆ ಆಡಿ ತೋರಿಸಿದ್ದಾರೆ.